ಯಾವ್ದು ಹಾಕ್ಕಳ್ಲಿ?

ಬೇಸಿಗೆಯ ಶನಿವಾರ, ಭಾನುವಾರ ಬಂತೆಂದರೆ ನಮ್ಮ ಪಾಲಹಳ್ಳಿಯ ಪ್ರಮೀಳಾ ಕೇಳುವುದು ಒಂದೇ ಪ್ರಶ್ನೆ: “ಯಾವ್ದು ಹಾಕ್ಕಳ್ಲಿ?” ಮೈಸೂರಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದ ಟಾಪುಗಳನ್ನೆಲ್ಲ ಮಂಚದ ಮೇಲೆ ಹರಡಿ, ಬಟ್ಟೆಯ ವಿಷಯ ಏನೂ ತಿಳಿಯದ ಪಕ್ಕದ ಮನೆಯವನಾದ ನನ್ನನ್ನೂ ಬಿಡದೆ ಕೇಳುತ್ತಾಳೆ. ಹಸಿರು ಅಂದರೆ ಹಳದಿ ಎತ್ತಿಕೊಳ್ಳುತ್ತಾಳೆ, ಹಳದಿ ಅಂದರೆ ಎರಡನ್ನೂ ಕೆಳಗಿಡುತ್ತಾಳೆ. ಕೆ.ಆರ್.ಎಸ್. ಕಾರಂಜಿಗೆ ದೀಪ ಹತ್ತುವ ಹೊತ್ತಾಯಿತೆಂದು ಗೆಳತಿಯರು ಬೀದಿಯಲ್ಲಿ ಸ್ಕೂಟರಿನ ಹಾರನ್ನು ಒತ್ತುತ್ತಲೇ ಇರುತ್ತಾರೆ. ಕೊನೆಗೆ ಯಾವುದೋ ಒಂದು ಮಿಂಚುವ ಟಾಪು ತೊಟ್ಟು, ತುಟಿಗೆ ಬಣ್ಣ ಹಚ್ಚಿ, ನೇರ ಕೊಟ್ಟಿಗೆಗೆ ನಡೆಯುತ್ತಾಳೆ. ಹಾಲು ಕರೆಯದೆ ಹೊರಡುವಂತಿಲ್ಲ. ಅಲ್ಲಿ ಗೂಟಕ್ಕೆ ತೂಗುಹಾಕಿದ, ಹೋದ ವರ್ಷ ತೀರಿಕೊಂಡ ಅವ್ವ ಸೋಮಮ್ಮನ ಹಳೇ ಸೀರೆಯನ್ನು ಮಾತ್ರ ಯಾರನ್ನೂ ಕೇಳದೆ ಮೈಗೆ ಸುತ್ತಿಕೊಳ್ಳುತ್ತಾಳೆ. “ಅವ್ವನ ವಾಸ್ನೆ ಇಲ್ದಿದ್ರೆ ಹಸ ಹಾಲು ಬುಡಕಿಲ್ಲ” ಎನ್ನುತ್ತಾಳೆ. ಅದಕ್ಕೇ ಆ ಸೀರೆಯನ್ನು ಇನ್ನೂ ಒಗೆದಿಲ್ಲ. ಮೊನ್ನೆ ಅವಳು ಹತ್ತಿದ ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆ ಅವಳಪ್ಪ ರಂಗಸ್ವಾಮಿ ಸೀರೆಯನ್ನು ಮತ್ತೆ ಗೂಟಕ್ಕೆ ಹಾಕುತ್ತ ಮೆಲ್ಲಗೆ ಅಂದ: “ಬೆಳಿಗ್ಗೆ ನಾನು ಸೀರೆ ಸುತ್ಕಳ್ದೇನೇ ಕರೀತೀನಿ, ಅದು ಸುಮ್ನೆ ಆಲು ಕೊಡ್ತದೆ. ಅವಳ್ಗೆ ಗೊತ್ತಾಗೋದು ಬ್ಯಾಡ ಕಣಪ್ಪ.”