ಟೈಲರ್ ಅಕ್ಕನ ಸೂರ್ಯನ ಕುದುರೆಗಳು

ಸೂಜಿ ಚುಚ್ಚಿ ಚುಚ್ಚಿ ಟೈಲರ್ ಅಕ್ಕನ ಎಡಗೈ ಹೆಬ್ಬೆರಳು ಜರಡಿಯಂತಾಗಿತ್ತು. ನಾನು ಅವರನ್ನು ಮೊದಲು ಕಂಡ ದಿನ ಆ ಬೆರಳ ಮೇಲೊಂದು ಹಸಿರು ಹುಳ, ಮುಂಗಾಲು ಜೋಡಿಸಿ ಕೈ ಮುಗಿದಂತೆ ಕೂತಿತ್ತು. ರವಿಕೆಯ ಅಳತೆ ಕೊಡಲು ಹೋದವಳು ಹಿಂದಕ್ಕೆ ಸರಿದೆ.

"ಸೂರ್ಯನ ಕುದುರೆ ಮೇಡಂ, ಏನೂ ಮಾಡಲ್ಲ. ಸುಮ್ನೆ ನಿಂತ್ಕೊಳ್ಳಿ, ಅದೇ ನಿಮ್ಮನ್ನ ನೋಡುತ್ತೆ," ಎಂದರು.

ಅದು ತನ್ನ ತ್ರಿಕೋನದ ತಲೆ ತಿರುಗಿಸಿ ನಿಜಕ್ಕೂ ನನ್ನನ್ನು ನೋಡಿತು.

ಮರ್ಫಿ ಟೌನಿನಲ್ಲಿ ಅವರದು ಒಂದೇ ಕೋಣೆಯ ಅಂಗಡಿ. ಹೊಲಿಗೆ ಯಂತ್ರದ ಮೇಲಿನ ಹಲಗೆಯಲ್ಲಿ ಗಾಜಿನ ಜಾಡಿಗಳ ಸಾಲು, ಬಾಯಿಗೆ ನೆಟ್ ಬಟ್ಟೆ. ಒಮ್ಮೆ ಕರಿಬೇವಿನ ಕಟ್ಟಿನಲ್ಲಿ ಬಂದ ಹೆಣ್ಣು ಹುಳವೊಂದು ಕಡ್ಡಿಗೆ ನೊರೆಯಂಥ ಗೂಡು ಅಂಟಿಸಿ, ಅದರಲ್ಲಿ ಮೊಟ್ಟೆಯಿಟ್ಟು ಸತ್ತಿತಂತೆ. ತಿಂಗಳ ಮೇಲೆ ಇರುವೆ ಗಾತ್ರದ ಮರಿಗಳು ಎಳೆ ಹಿಡಿದು ಜೋತಾಡುತ್ತ ಹೊರಬಂದಾಗ, ಅಕ್ಕ ಹಬ್ಬದ ಆರ್ಡರುಗಳನ್ನು ಬದಿಗಿಟ್ಟು ಬೆಳಿಗ್ಗೆಯಿಡೀ ನೋಡುತ್ತ ಕೂತಿದ್ದರಂತೆ. ಈಗ ಐದನೇ ತಲೆಮಾರು. ಒಟ್ಟಿಗಿದ್ದರೆ ಒಂದನ್ನೊಂದು ತಿನ್ನುತ್ತವೆಂದು ಒಂದೊಂದಕ್ಕೂ ಬೇರೆ ಜಾಡಿ. ಮರಿಗಳಿಗೆ ಕೊಳೆತ ಬಾಳೆಹಣ್ಣಿಗೆ ಮುತ್ತುವ ನೊಣ, ದೊಡ್ಡವಕ್ಕೆ ಜಿರಲೆ.

ನಾನು ಇಂದಿರಾನಗರದ ಶಾಲೆಯೊಂದರಲ್ಲಿ ವಿಜ್ಞಾನ ಟೀಚರ್. ಒಮ್ಮೆ ತಿಳಿದವಳ ಧಾಟಿಯಲ್ಲಿ, "ಕೂಡಿದ್ಮೇಲೆ ಹೆಣ್ಣು ಗಂಡನ್ನ ತಿಂದ್ಬಿಡುತ್ತೆ, ಅಲ್ವಾ ಅಕ್ಕ?" ಎಂದೆ.

ಅಕ್ಕ ಯಂತ್ರ ನಿಲ್ಲಿಸಿದರು. "ನೀವು ನೋಡಿದೀರಾ?"

"ಇಲ್ಲ, ಓದಿದೀನಿ. ಮಕ್ಕಳಿಗೂ ಹಾಗೇ ಹೇಳ್ಕೊಡ್ತೀನಿ."

"ಭಾನುವಾರ ಬನ್ನಿ. ಈ ಸಲ ಉಳಿದಿರೋದು ಒಂದು ಹೆಣ್ಣು, ಒಂದೇ ಒಂದು ಗಂಡು."

ಕೂಡುವ ಮೊದಲೇ ಹೆಣ್ಣು ಆ ಗಂಡನ್ನು ತಿಂದರೆ ಐದು ತಲೆಮಾರು ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಎರಡು ದಿನದಿಂದ ಹೆಣ್ಣಿಗೆ ಹೊಟ್ಟೆ ತುಂಬ ತಿನ್ನಿಸಿದ್ದರು. ಭಾನುವಾರ ಅದನ್ನು ಕಿಟಕಿಯ ಪರದೆಯ ಮೇಲೆ ಬಿಟ್ಟು, ಗೇಣು ದೂರದಲ್ಲಿ, ಅದರ ಬೆನ್ನ ಹಿಂದೆ ಗಂಡನ್ನು ಬಿಟ್ಟರು. ಗಂಡು ಒಂದು ಹೆಜ್ಜೆ ಇಟ್ಟಿತು. ಹೆಣ್ಣು ತಲೆ ತಿರುಗಿಸಿತು. ಎತ್ತಿದ ಕಾಲು ಎತ್ತಿದಂತೆಯೇ ಗಂಡು ನಿಂತುಬಿಟ್ಟಿತು. ಹೀಗೇ ಒಂದು ಗಂಟೆ. ನಾನು ಮಾತಾಡಹೋದರೆ ಅಕ್ಕ ಕಣ್ಣಲ್ಲೇ ತಡೆದರು. ಕೊನೆಗೆ ಗಂಡು ಒಮ್ಮೆಗೇ ಹಾರಿ ಅದರ ಬೆನ್ನೇರಿತು. ಮಧ್ಯಾಹ್ನದ ತನಕ ಅವು ಹಾಗೇ ಇದ್ದವು. ಆಮೇಲೆ ಗಂಡು ಚಿಮ್ಮಿ ಟ್ಯೂಬ್‌ಲೈಟಿನ ಮೇಲೆ ಹೋಗಿ ಕೂತಿತು.

"ಹೊಟ್ಟೆ ತುಂಬಿತ್ತು, ಬಿಟ್ಟಳು," ಎಂದರು ಅಕ್ಕ. "ತಿಂದಿದ್ದೂ ನೋಡಿದೀನಿ, ಎರಡು ಸಲ. ಯಾವಾಗ್ಲೂ ತಿನ್ನುತ್ತೆ ಅಂತ ಮಾತ್ರ ಹೇಳ್ಕೊಡ್ಬೇಡಿ."

ಮರುದಿನ ತರಗತಿಯಲ್ಲಿ, ಹಿಂದೆ ನಾನು ಹೇಳಿದ್ದು ತಪ್ಪು ಎಂದೆ. ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು. ಮಕ್ಕಳು ನಗಲಿಲ್ಲ. ಪಾಠ ಮುಗಿಯುವ ತನಕ ಪ್ರಶ್ನೆ ಕೇಳಿದರು.

ಹೋದ ವರ್ಷ ಅಕ್ಕ ಎದೆನೋವೆಂದು ಆಸ್ಪತ್ರೆ ಸೇರಿದವರು ಮೂರನೇ ದಿನ ತೀರಿಕೊಂಡರು. ಅವರ ಗಂಡ ಜಾಡಿಗಳನ್ನೆಲ್ಲ ನನಗೆ ಕೊಟ್ಟರು. ನೀರು ಹೆಚ್ಚು ಚಿಮುಕಿಸಿ ಬಹಳಷ್ಟು ಮರಿಗಳನ್ನು ನಾನೇ ಕೊಂದೆ. ದೊಡ್ಡವಾದದ್ದು ಎರಡು, ಎರಡೂ ಹೆಣ್ಣು. ಜಾಡಿಯಲ್ಲೇ ಇಟ್ಟರೆ ಅವಕ್ಕೆ ಗಂಡು ಎಲ್ಲಿಂದ ಬರಬೇಕು? ಶಾಲೆಯ ಹಿಂದಿನ ದಾಸವಾಳದ ಗಿಡಕ್ಕೆ ಬಿಟ್ಟೆ. ಮಕ್ಕಳು ಸುತ್ತ ನಿಂತು ನೋಡಿದರು. ಒಂದು ಗಂಟೆ ನಾನು ಏನೂ ವಿವರಿಸದೆ ಅವರ ಜೊತೆ ನಿಂತೆ.