ಹನ್ನೊಂದಲ್ಲ, ಹತ್ತು

ಬೆಳಗಿನ ಐದೂವರೆ. ಕಾನೂನು ಕಾಲೇಜಿನ ಗ್ರಂಥಾಲಯದ ಬೀಗ ತೆಗೆಯುತ್ತಿರುವವರು ಅಟೆಂಡರ್ ಅಲ್ಲ, ಪ್ರಾಧ್ಯಾಪಕಿ. ಬಾಗಿಲಿಗೆ ಒಂದಿಷ್ಟು ಮೊಂಡುತನವಿದೆ; ಮೊಣಕಾಲಿನಿಂದ ಒತ್ತಿ ಹಿಡಿದರೆ ಮಾತ್ರ ಬಗ್ಗುತ್ತದೆ. ದೀಪ ಹಾಕಿ, ಚಪ್ಪಲಿ ಬಿಟ್ಟು, ಮೂರು ಕಿಲೋ ತೂಗುವ ಒಪ್ಪಂದಗಳ ಸಂಪುಟವೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಕಿಟಕಿ ಪಕ್ಕದ ಮೇಜಿಗೆ ತರುತ್ತಾರೆ. ಎಂಟು ಗಂಟೆಯ ತರಗತಿಯಲ್ಲಿ ಹೇಳಬೇಕಾದ ಪ್ರತಿ ಇಸವಿ, ಪ್ರತಿ ಅಂಕಿಯನ್ನೂ ಮೂಲದಲ್ಲಿ ಕಣ್ಣಾರೆ ಕಾಣದೆ ಇವರು ಬಾಯಿ ಬಿಡುವವರಲ್ಲ.

ಕಲಿಸುವುದು ಅಂತರರಾಷ್ಟ್ರೀಯ ಕಾನೂನು: ದೇಶದೇಶಗಳ ನಡುವಿನ ಗಡಿ, ಕಡಲು, ನದಿ, ಒಪ್ಪಂದಗಳ ವಿಚಾರ. ಮೂವತ್ತೊಂದು ವರ್ಷದ ಸೇವೆ, ವಾರಕ್ಕೆ ಹದಿನಾರು ತರಗತಿ, ಪಾಠ ಕೇಳಿ ಹೋದವರು ಎರಡೂವರೆ ಸಾವಿರ. ಸ್ವತಃ ಹೊರದೇಶದ ನೆಲ ತುಳಿದವರಲ್ಲ, ಪಾಸ್‌ಪೋರ್ಟೇ ಇಲ್ಲ. ಮಗಳು ಏನು ಓದುತ್ತಿದ್ದಾಳೆಂದು ಯಾರಾದರೂ ಕೇಳಿದರೆ, ದರ್ಜಿಯಾಗಿದ್ದ ತಂದೆ "ದೊಡ್ಡೋರ ಜಗಳ ಬಿಡಿಸೋದು" ಎಂದು ಹೇಳಿ ಹೊಲಿಗೆ ಮುಂದುವರಿಸುತ್ತಿದ್ದರಂತೆ. ಯಾರೂ ಪಾಲಿಸದ ಕಾನೂನಿಗೆ ಇಷ್ಟು ದಪ್ಪ ಪುಸ್ತಕಗಳೇ ಎಂದು ನಾದಿನಿ ಇವತ್ತಿಗೂ ಕಾಲೆಳೆಯುತ್ತಾರೆ.

"ಇಲ್ಲಿ ಹಾಕಿದ ಕಾಗದ ಇನ್ನೊಂದು ದೇಶದ ಮನೆಬಾಗಿಲಿಗೆ ಹೋಗಿ ಮುಟ್ಟುತ್ತಲ್ಲ, ಅದು ಈ ಕಾನೂನಿಂದಾನೇ. ಮುರಿದಾಗ ಸುದ್ದಿ ಆಗುತ್ತೆ, ಪಾಲಿಸಿದಾಗ ಯಾರು ಬರೀತಾರೆ?" ಎಂದು ಪ್ರಾಧ್ಯಾಪಕಿ ನಗುತ್ತಾರೆ.

ಇಷ್ಟು ನಿಖರತೆಯ ಹಿಂದೆ ಒಂದು ಎಡವಟ್ಟಿದೆ, ಅದನ್ನು ಅವರೇ ಮುಂದಾಗಿ ಹೇಳುತ್ತಾರೆ. ಇಪ್ಪತ್ತಾರು ವರ್ಷದ ಹಿಂದೆ ಒಂದು ನದಿ ಒಪ್ಪಂದದ ಬಗ್ಗೆ ಲೇಖನ ಬರೆದರು. ಹನ್ನೊಂದು ದೇಶಗಳು ಅದಕ್ಕೆ ಬದ್ಧ ಎಂದರು. ನಿಜಕ್ಕೂ ಹತ್ತೇ. ಹನ್ನೊಂದನೆಯದು ಸಹಿ ಹಾಕಿತ್ತು, ಆದರೆ ತನ್ನ ಸಂಸತ್ತಿನ ಒಪ್ಪಿಗೆ ಪಡೆದಿರಲಿಲ್ಲ, ನಿಶ್ಚಿತಾರ್ಥವಾಗಿತ್ತು, ಮದುವೆಯಾಗಿರಲಿಲ್ಲ. ಆ ಮಾತು ಇದ್ದದ್ದು ಮೂಲ ಸಂಪುಟದ ಆ ಹಾಳೆಯ ಹಿಂಬದಿಯಲ್ಲಿ. ಇವರ ಕೈಗೆ ಬಂದ ಜೆರಾಕ್ಸಿನಲ್ಲಿ ಮುಂಬದಿ ಮಾತ್ರ ಇತ್ತು.

ನಾಲ್ಕು ವರ್ಷ ಗೊತ್ತೇ ಆಗಲಿಲ್ಲ. ಆಮೇಲೆ ಅಣಕು ನ್ಯಾಯಾಲಯದ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಇವರ ಶಿಷ್ಯೆಯೊಬ್ಬಳು ಎದೆಯುಬ್ಬಿಸಿ ಹನ್ನೊಂದು ಎಂದಳು. ಎದುರು ಕಾಲೇಜಿನವರು ಮೂಲ ಸಂಪುಟವನ್ನೇ ತೆರೆದು ತೋರಿಸಿದರು. "ನಮ್ಮ ಮೇಡಂ ಬರೆದಿದ್ದಾರೆ ಅಂತ ಆ ಹುಡುಗಿ ವಾದ ಮಾಡಿದ್ಲು. ನನ್ನ ನಂಬಿ ಸೋತಳಲ್ಲ, ಅದು ನಂಗೆ ಇವತ್ತಿಗೂ ತಡೆಯಕ್ಕಾಗಲ್ಲ" ಎನ್ನುವಾಗ ಮೇಡಂ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಅಷ್ಟರಲ್ಲಿ ತಪ್ಪು ಊರೆಲ್ಲ ಸುತ್ತಿತ್ತು. ಮೂಲ ನೋಡದೆ ನಕಲು ಮಾಡಿದ ಪುಸ್ತಕ, ಲೇಖನಗಳು ಒಟ್ಟು ಹದಿನೇಳು. ಇಪ್ಪತ್ತೆರಡು ವರ್ಷದಿಂದ ಒಬ್ಬೊಬ್ಬ ಲೇಖಕರಿಗೂ ಪತ್ರ ಬರೆಯುತ್ತಿದ್ದಾರೆ: ತಪ್ಪು ನನ್ನದು, ದಯವಿಟ್ಟು ತಿದ್ದಿ. ಆ ಫೈಲು ತಮ್ಮ ಮದುವೆಯ ಆಲ್ಬಮ್ಮಿಗಿಂತ ದಪ್ಪವಾಗಿದೆ ಎಂದು ಭೌತಶಾಸ್ತ್ರದ ಮೇಷ್ಟ್ರಾಗಿರುವ ಗಂಡ ಗೊಣಗುತ್ತಾರೆ. ಗೊಣಗುತ್ತಲೇ ಲಕೋಟೆಗೆ ಅಂಟು ಹಚ್ಚುತ್ತಾರೆ.

ಹದಿನಾರು ಕಡೆ ತಿದ್ದುಪಡಿಯಾಗಿದೆ. ಉಳಿದದ್ದು ಒಂದೇ, ಅದೂ ಎಲ್ಲ ಕಾಲೇಜುಗಳಲ್ಲಿ ಓದಿಸುವ ಪಠ್ಯಪುಸ್ತಕ. ಬರೆದ ಹಿರಿಯ ವಿದ್ವಾಂಸರಿಗೆ ಐದು ಪತ್ರ ಹೋಗಿವೆ. ಬಂದ ಉತ್ತರ ಒಂದು ಸಾಲು: ಪರಿಶೀಲಿಸಲಾಗುವುದು. ಆವೃತ್ತಿ ಮೇಲೆ ಆವೃತ್ತಿ ಬಂದರೂ ಹನ್ನೊಂದು ಹನ್ನೊಂದಾಗಿಯೇ ಇದೆ. ಕೆಳಗೆ ಅಡಿಟಿಪ್ಪಣಿಯಲ್ಲಿ ಆಧಾರವೆಂದು ಇವರ ಹೆಸರೂ ಇದೆ. ಈ ತಿಂಗಳ ಕೊನೆಗೆ ಮೇಡಂ ನಿವೃತ್ತರಾಗುತ್ತಾರೆ. ಅದರೊಳಗೆ ಇದೊಂದು ಸರಿಹೋದರೆ ಸಾಕು, ಬೇರೆ ಬೀಳ್ಕೊಡುಗೆ ಬೇಡ ಎನ್ನುತ್ತಿದ್ದಾರೆ.

ಹೊಸ ಆವೃತ್ತಿ ಇವತ್ತು ಗ್ರಂಥಾಲಯಕ್ಕೆ ಬಂದಿದೆ. ಏಳೂಕಾಲಿಗೆ ಅಟೆಂಡರ್ ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ಮೇಡಂ ಕೈಗೇ ಕೊಡುತ್ತಾರೆ. ಆ ಪುಟ ಯಾವುದೆಂದು ಅವರಿಗೂ ಬಾಯಿಪಾಠ. ಪುಟ ಮುನ್ನೂರ ಹನ್ನೆರಡು ತೆರೆದುಕೊಳ್ಳುತ್ತದೆ. ಮೇಡಂ ಓದುತ್ತಾರೆ, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದುತ್ತಾರೆ. ಹತ್ತು. ಕೆಳಗೆ ಆಧಾರವಾಗಿ ಮೂಲ ಸಂಪುಟದ ಪುಟಸಂಖ್ಯೆಯಿದೆ. ಕೃತಜ್ಞತೆಯ ಮಾತಿಲ್ಲ. ಅಟೆಂಡರಿಗೆ ಸಿಟ್ಟು ಬರುತ್ತದೆ: ಇಷ್ಟು ವರ್ಷ ಬೆನ್ನು ಹತ್ತಿದವರ ಹೆಸರು ಹಾಕಲು ಏನಾಗಿತ್ತು ಇವರಿಗೆ?

ಮೇಡಂ ಗಂಡನಿಗೆ ಫೋನ್ ಮಾಡಿ ಹತ್ತು ಎಂದಷ್ಟೇ ಹೇಳುತ್ತಾರೆ. ಆ ಕಡೆಯಿಂದ ದೊಡ್ಡ ನಗು ಕೇಳುತ್ತದೆ. ಆಮೇಲೆ ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು, ಇನ್ನೂ ಮುಖ ಗಂಟಿಕ್ಕಿಕೊಂಡು ನಿಂತಿರುವ ಅಟೆಂಡರಿಗೆ ಸಮಾಧಾನ ಹೇಳುತ್ತಾರೆ.

"ತಪ್ಪಿದ್ದಾಗ ನನ್ನ ಹೆಸರಿತ್ತು. ಈಗ ಸರಿಯಾಗಿದೆ, ಹೆಸರಿಲ್ಲ. ಇದಕ್ಕೇ ಅಲ್ವೇನಪ್ಪ ನಾನು ಇಷ್ಟು ವರ್ಷ ಕಾಗದ ಬರೆದಿದ್ದು?"