ಹನ್ನೊಂದು ರೂಪಾಯಿಯ ಬಯಾನ

ಚೌಕಾಸಿ ಮಾಡದೆ ಕೊಳ್ಳುವವನನ್ನು ನಂಬಬೇಡಿ. ಹಳೆ ಸಾಮಾನು ಮಾರಿ ಇಪ್ಪತ್ತು ವರ್ಷ ಬದುಕಿದವಳಾಗಿ ಈ ಮಾತು ಹೇಳುತ್ತಿದ್ದೇನೆ. ಒಮ್ಮೆ ಹಾಗೆ ನಂಬಿ ಕೆಟ್ಟವಳಾಗಿಯೂ ಹೇಳುತ್ತಿದ್ದೇನೆ.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಔರಾದ, ಭಾಲ್ಕಿ ಕಡೆಯವರು ಗಂಟುಮೂಟೆ ಕಟ್ಟಿಕೊಂಡು ಪುಣೆಗೆ, ಹೈದರಾಬಾದಿಗೆ ಹೊರಟಿದ್ದರು. ಒಯ್ಯಲಾಗದ ಮಂಚ, ಕಪಾಟು, ಹೊಲಿಗೆ ಯಂತ್ರಗಳ ಫೋಟೋ ತೆಗೆದು, ಬೀದರಿನಲ್ಲಿ ಕೂತು ಫೋನಿನಲ್ಲಿ ಮಾರಾಟಕ್ಕೆ ಹಾಕುವುದು ನನ್ನ ಕೆಲಸವಾಗಿತ್ತು. ಕೂತು ಎಂದೆನೇ? ಎಲ್ಲಿ ಕೂತೆ! ಬೆಳಿಗ್ಗೆ ಭಾಲ್ಕಿ, ಮಧ್ಯಾಹ್ನ ಔರಾದ, ಕೈಯಲ್ಲಿ ಫೋನು, ಬಸ್ಸಿನಲ್ಲೇ ಊಟ.

ಔರಾದಿನಲ್ಲಿ ನಮ್ಮಕ್ಕನ ಹಿಟ್ಟಿನ ಗಿರಣಿ ಇತ್ತು. ಬೀಸಲಿಕ್ಕೆ ಜೋಳವೇ ಬರದಿದ್ದಾಗ ಗಿರಣಿಗೇನು ಕೆಲಸ? ಭಾವ ಆಗಲೇ ಪುಣೆಗೆ ಹೋಗಿ ಬಾಡಿಗೆಗೆ ಒಂದು ಖೋಲಿ ನೋಡಿಟ್ಟಿದ್ದ. ಮಂಗಳವಾರದೊಳಗೆ ಮುಂಗಡ ಕೊಡದಿದ್ದರೆ ಖೋಲಿ ಬೇರೆಯವರ ಪಾಲು. ಸೋಮವಾರದ ಬಸ್ಸಿಗೆ ಅಕ್ಕ ಹೊರಡಬೇಕು, ಅಷ್ಟರೊಳಗೆ ಗಿರಣಿ ಹೋಗಬೇಕು.

ಗುರುವಾರ ಫೋಟೋ ಹಾಕಿದೆ. ಅರ್ಧ ತಾಸಿನಲ್ಲಿ ಒಬ್ಬ ಫೋನು ಮಾಡಿದ. ಜಹೀರಾಬಾದಿನಲ್ಲಿ ಗಿರಣಿ ಹಾಕುವವನಂತೆ.

"ಫೋಟೋ ಪಸಂದ್ ಬಂದದ ಅಕ್ಕಾ. ನೀವ್ ಹೇಳಿದ್ದೇ ಕಿಮ್ಮತ್. ನಾಳಿ-ನಾಡದು ಟೆಂಪೋ ಕಳಸ್ತೇನಿ."

"ನೋಡಂಗಿಲ್ಲೇನ್ರಿ?"

"ನಿಮ್ಮ ಮಾತಿನ ಮ್ಯಾಲ ಭರೋಸಾ ಅದರಿ. ಬಯಾನ ಕಳಸ್ಲತೀನಿ, ತಗೋರಿ."

ಟಣ್ ಎಂದಿತು ಫೋನು. ಹನ್ನೊಂದು ರೂಪಾಯಿ ಬಂದಿತ್ತು.

ನಮ್ಮ ಕಡೆ ಬಯಾನ ಎಂದರೆ ಸೌದಾ ಕುದುರಿದ ಗುರುತು. ಅದು ಹನ್ನೊಂದಿರಲಿ, ಸಾವಿರದ ಹನ್ನೊಂದಿರಲಿ, ಹಿಡಿದ ಮೇಲೆ ಮಾಲು ಅವನದು. ಮುರಿದರೆ ದುಪ್ಪಟ್ಟು ಹಿಂದಿರುಗಿಸಬೇಕು. ಅಂಗೈಗೆ ನಾಣ್ಯ ಬಿದ್ದಾಗ ಕೊಡುವವನ ಮುಖ ಎದುರಿಗೇ ಇರುತ್ತಿತ್ತು. ಈ ಹನ್ನೊಂದಕ್ಕೆ ಮುಖವೇ ಇರಲಿಲ್ಲ. ನನಗೆ ಅದು ಹೊಳೆಯಲಿಲ್ಲ. ಹೇಳಿದ ಬೆಲೆ ಹೇಳಿದ ಹಾಗೆ ಬಂತಲ್ಲ ಎಂಬ ಹಿಗ್ಗು.

ಶುಕ್ರವಾರ ಅಕ್ಕನ ಮನೆಯಲ್ಲಿದ್ದೆ. ಜನವಾಡದಿಂದ ಒಬ್ಬರು, ಐವತ್ತರ ಆಸುಪಾಸು, ಫೋಟೋ ನೋಡಿ ಬೈಕಿನ ಮೇಲೆ ಬಂದರು. ಗಿರಣಿ ತಿರುಗಿಸುವ ಪಟ್ಟಾ ಎಳೆದು ನೋಡಿದರು. ಕಲ್ಲಿಗೆ ಬೆರಳಾಡಿಸಿದರು. ಮೋಟಾರಿಗೆ ಕಿವಿ ಹಚ್ಚಿದರು.

"ಕಲ್ಲ ಸವದಾವ್ರಿ ಅಕ್ಕಾರ. ಮೋಟಾರ ಮುದಿ ಎತ್ತಿನಂಗ ದಮ್ಮ ಎಳೀಲತದ."

"ಹಂಗಾರ ಹೊಸಾದ ತಗೋರಿ!" ಎಂದೆ.

"ಹೊಸಾದ ತಗೊಳೋ ಹಂಗಿದ್ರ ನಿಮ್ಮ ಬಾಗಲಿಗಿ ಯಾಕ ಬರ್ತಿದ್ನಿರಿ?"

ಅವರು ಹೇಳಿದ ಬೆಲೆ ನನ್ನ ಬೆಲೆಗಿಂತ ಸ್ವಲ್ಪವೇ ಕಡಿಮೆ. ಎರಡು ಕಪ್ ಚಹಾ ಕುಡಿಸಿ ಮೇಲೆತ್ತಬಹುದಿತ್ತು. ಆದರೆ ಬಯಾನ ಹಿಡಿದಾಗಿದೆ ಎಂದೆ. ಅವರು "ಮತ್ತೊಬ್ಬರ ಬಯಾನ ಇದ್ದ ಮಾಲು ನಾ ಮುಟ್ಟಂಗಿಲ್ರಿ" ಎಂದು ಬೈಕು ಹತ್ತಿದರು. ಅಕ್ಕ ಬಾಗಿಲಲ್ಲಿ ನಿಂತು ಧೂಳು ಅಡಗುವ ತನಕ ನೋಡಿದಳು.

ಶನಿವಾರ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿದ್ದೆ, ಒಂದು ಮನೆಯ ಮಂಚಗಳ ಫೋಟೋ ತೆಗೆದು ಬಂದಿದ್ದೆ. ಜಹೀರಾಬಾದಿನವನ ಫೋನು.

"ಟೆಂಪೋ ಹೊಂಟದ ಅಕ್ಕಾ. ಪೂರಾ ರೊಕ್ಕ ಕಳಸ್ಲತೀನಿ. ಒಂದ ಕೋಡ್ ಬರ್ತದ, ಒತ್ತಿ ಪಿನ್ ಹೊಡೀರಿ, ನಿಮ್ಮ ಖಾತಾಕ ಜಮಾ ಆಗ್ತದ. ಫೋನ್ ಕಟ್ ಮಾಡಬ್ಯಾಡ್ರಿ."

ಕಂಡಕ್ಟರುಗಳ ಕೂಗು, ಬಿಸಿಲು, ಕಿವಿಯಲ್ಲಿ "ಜಲ್ದಿ ಅಕ್ಕಾ, ಜಲ್ದಿ". ಪರದೆಯ ಮೇಲೆ ಪಾವತಿ ಎಂದು ಬರೆದದ್ದು ಕಂಡಿತ್ತು. ಅವನು ಪಾವತಿ ಮಾಡುತ್ತಿದ್ದಾನೆ ಎಂದೇ ಓದಿಕೊಂಡೆ. ಪಿನ್ ಹೊಡೆದೆ. ಗಿರಣಿಯ ಬೆಲೆಯಷ್ಟೇ ಹಣ ನನ್ನ ಖಾತೆಯಿಂದ ಹೋಯಿತು. ಗಿರಣಿ ಮಾರದಿದ್ದರೆ ಅಕ್ಕನ ಕೈಗೆ ಕೊಟ್ಟು ಕಳಿಸೋಣವೆಂದು ಇಟ್ಟಿದ್ದ ಹಣ.

"ಉಲ್ಟಾ ಆಗ್ಯಾದ ಅಕ್ಕಾ, ಗಾಬರಿ ಆಗಬ್ಯಾಡ್ರಿ. ಮತ್ತೊಂದ ಕೋಡ್ ಕಳಸ್ತೇನಿ, ಎರಡೂ ಕೂಡಿ ವಾಪಸ್ ಬರ್ತಾವ."

ಬೆರಳು ಅದರ ಮೇಲೂ ಹೋಗಿತ್ತು. ಅಷ್ಟರಲ್ಲಿ ನಡುವೆ ಅಕ್ಕನ ಫೋನು ಬಂತು. ಇವನ ಕರೆಯನ್ನು ಹೋಲ್ಡಿಗೆ ಹಾಕಿ ಅವಳದನ್ನು ಎತ್ತಿದೆ.

"ಏ ತಂಗೀ, ಟೆಂಪೋದವ ಬಂದ್ರ ಕಲ್ಲ ಬಿಚ್ಚಿ ಕೊಡಬೇಕೋ ಹಂಗೇ ಒಯ್ತಾನೋ? ಮೋಟಾರ ಎಷ್ಟ ಹಾರ್ಸ್ ಪವರ್ ಅಂತಾದ್ರೂ ಕೇಳ್ಯಾನಿಲ್ಲೋ ಅವ?"

ಕೇಳಿರಲಿಲ್ಲ. ಓಡುತ್ತದೆಯೇ ಎಂದೂ ಕೇಳಿರಲಿಲ್ಲ. ಒಂದು ರೂಪಾಯಿ ಕಡಿಮೆ ಮಾಡಿ ಎಂದೂ ಅಂದಿರಲಿಲ್ಲ. ಪಟ್ಟಾ ಎಳೆಯದೆ, ಕಲ್ಲು ಮುಟ್ಟದೆ ಗಿರಣಿ ಕೊಳ್ಳುವವನು ಭೂಮಿಯ ಮೇಲೆ ಎಲ್ಲಿದ್ದಾನೆ? ಅವನ ಕರೆ ಕತ್ತರಿಸಿದೆ.

ನೀವು ನೆನಪಿಡಬೇಕಾದದ್ದು ಇಷ್ಟೇ: ರೊಕ್ಕ ಬರಲಿಕ್ಕೆ ಪಿನ್ ಬೇಕಿಲ್ಲ. ಪಿನ್ ಕೇಳಿದರೆ ನಿಮ್ಮದೇ ಹೋಗುತ್ತದೆ. ಮತ್ತೆ, ಹೋದ ಕ್ಷಣವೇ ಬ್ಯಾಂಕಿಗೂ ಸೈಬರ್ ಪೊಲೀಸರಿಗೂ ಫೋನು ಮಾಡಿ. ನಾನು ಮಾಡಿದ್ದು ಸಂಜೆಗೆ. ಇಷ್ಟು ಜನಕ್ಕೆ ಬುದ್ಧಿ ಹೇಳುವ ನಾನೇ ಹೀಗಾದೆನೆಂದು ಹೇಳಲು ನಾಚಿಕೆ. ಆ ನಾಲ್ಕು ತಾಸಿನಲ್ಲಿ ಹಣ ಎಲ್ಲೆಲ್ಲೋ ಹಾರಿ ಹೋಗಿತ್ತು.

ಭಾನುವಾರ ಬೆಳಿಗ್ಗೆ ಜನವಾಡದವರಿಗೆ ನಡೆದದ್ದೆಲ್ಲ ಫೋನಿನಲ್ಲಿ ಹೇಳಿ ಕರೆದೆ. ಟೆಂಪೋ ಸಮೇತ ಬಂದರು. ಆದರೆ ಅಂಗಳದಲ್ಲೇ ನಿಂತರು.

"ಆ ಬಯಾನ ಮುರದೀರೇನ್ರಿ?"

"ಕಳ್ಳನ ಬಯಾನ ಎಂಥಾದ್ರಿ!" ಎಂದೆ.

ಅಕ್ಕ ನಡುವೆ ಬಂದಳು. "ಅವರ ಮಾತ ಖರೇ ಅದ. ಹನ್ನೊಂದ ರೂಪಾಯಿ ನಿನ್ನ ಖಾತಾದಾಗ ಕುಂತಾವಿಲ್ಲೋ? ದುಪ್ಪಟ್ ಕೊಟ್ಟ ಮುರಿ."

"ನನ್ನ ಮನಿ ತೊಳದವಗ ನಾ ಇಪ್ಪತ್ತೆರಡ ಕೊಡ್ಲ್ಯಾ? ನಿನಗ ತಲಿ ಸುದ್ದ ಅದೋ ಇಲ್ಲೋ?"

"ಅವಗ ಯಾಕ ಕೊಡ್ತಿ? ಗುಡಿ ಪೆಟಗಿಗಿ ಹಾಕು. ಊರ ಬಿಟ್ಟ ಹೋಗ್ಲತೀನಿ, ಎರಡ ಮಾತಿನಾಕಿ ಅನಿಸ್ಕೊಂಡ ಹೋಗಂಗಿಲ್ಲ ನಾ."

ರಸ್ತೆಯಾಚೆ ಬಸವಣ್ಣನ ಗುಡಿ. ಮೂವರೂ ನಡೆದೆವು. ಇಪ್ಪತ್ತೆರಡು ರೂಪಾಯಿ ಪೆಟ್ಟಿಗೆಗೆ ಬಿದ್ದ ಸದ್ದನ್ನು ಜನವಾಡದವರು ತಲೆಯಾಡಿಸಿ ಒಪ್ಪಿಕೊಂಡರು.

ಆಮೇಲೆ ಶುರುವಾಯಿತು ನೋಡಿ ಚೌಕಾಸಿ! ಶುಕ್ರವಾರದ ಬೆಲೆಗಿಂತ ಕೆಳಗಿನಿಂದ ಎತ್ತಿದರು. ಸೋಮವಾರದ ಬಸ್ಸಿನ ವಿಷಯ ನಾನೇ ಫೋನಿನಲ್ಲಿ ಬಾಯಿಬಿಟ್ಟಿದ್ದೆ. ತುರ್ತನ್ನು ಎಂದೂ ಹೇಳಬೇಡಿ, ಇದನ್ನೂ ಬರೆದಿಟ್ಟುಕೊಳ್ಳಿ. ಅವತ್ತು ನನ್ನ ಬದಲು ಅಕ್ಕನೇ ಸೆರಗು ಸಿಕ್ಕಿಸಿದಳು.

"ಮುದಿ ಎತ್ತ ಅಂದ್ರಲ್ಲ, ನಡ್ರಿ, ಓಡಿಸಿ ತೋರಸ್ತೇನಿ."

ಮನೆಯಲ್ಲಿ ಉಳಿದಿದ್ದ ಜೋಳವನ್ನೆಲ್ಲ ಸುರಿದಳು. ಗಿರಣಿ ಗುಡುಗಿತು. ಜನವಾಡದವರು ಬಿಸಿ ಹಿಟ್ಟನ್ನು ಬೆರಳ ನಡುವೆ ಉಜ್ಜಿ, ಮೂಸಿ ನೋಡಿದರು. ಮೂರನೆಯ ಚಹಾದ ಹೊತ್ತಿಗೆ ಶುಕ್ರವಾರದ ಬೆಲೆಗೇ ಬಂದರು. ನೋಟುಗಳನ್ನು ಅಕ್ಕನ ಕೈಗೇ ಇಟ್ಟರು. ಖೋಲಿಯ ಮುಂಗಡಕ್ಕೆ ಅದು ಸಾಕಿತ್ತು. ಹೋದದ್ದು ನನ್ನದು.

ಸೋಮವಾರ ಬಸ್ಸಿನ ಕಿಟಕಿಯಲ್ಲಿ ಅಕ್ಕ, ತೊಡೆಯ ಮೇಲೆ ಆ ಹಿಟ್ಟಿನ ಚೀಲ. "ಪುಣಾದಾಗ ಮದಲಿನ ರೊಟ್ಟಿ ಇದರದ್ದೇ" ಎಂದಳು. ಬಸ್ಸು ತಿರುವು ದಾಟುವಷ್ಟರಲ್ಲೇ ನನ್ನ ಫೋನು ರಿಂಗಾಯಿತು. ಮತ್ತೆ ಅವನೇನೋ ಎಂದು ನಂಬರು ನೋಡಿ ಎತ್ತಿದೆ. ಭಾಲ್ಕಿಯ ಮಂಚಗಳ ಫೋಟೋ ನೋಡಿದ ಯಾರೋ.

"ಏನ್ರಿ, ಹಳಿ ಮಂಚಕ್ಕ ಇಷ್ಟಾ? ಬೆಳ್ಳಿ ಕಾಲ ಹಚ್ಚೀರೇನು?"

ಉಸಿರು ಬಿಟ್ಟೆ. "ಬಂದ ಮುಟ್ಟಿ ನೋಡ್ರಿ. ಆಮ್ಯಾಲ ಬೈರಿ" ಎಂದು ಭಾಲ್ಕಿ ಬಸ್ಸು ಹುಡುಕುತ್ತ ನಡೆದೆ.